ಹಡಗಿನ ಇಂಧನದಲ್ಲಿ ಗಂಧಕದ ಮಿತಿ: ಖರೀದಿಯಿಂದ ತಪಾಸಣೆಯವರೆಗೆ ಪಾಲಿಸಬೇಕಾದ ಕ್ರಮ

ಹಡಗುಗಳು ಉರಿಸುವ ಎಣ್ಣೆಯಲ್ಲಿ ತೂಕದ ಲೆಕ್ಕದಲ್ಲಿ ಶೇ 0.50ಕ್ಕಿಂತ ಹೆಚ್ಚು ಗಂಧಕ ಇರಬಾರದೆಂಬ ನಿಯಮ 2020ರ ಜನವರಿ 1ರಿಂದ ಜಗತ್ತಿನ ಎಲ್ಲ ಕಡಲುಗಳಲ್ಲೂ ಜಾರಿಯಲ್ಲಿದೆ. ಗೊತ್ತುಪಡಿಸಿದ ಕೆಲವು ಪ್ರದೇಶಗಳಲ್ಲಿ ಈ ಮಿತಿ ಇನ್ನೂ ಬಿಗಿಯಾಗಿದ್ದು, ಅಲ್ಲಿ ಶೇ 0.10 ಮಾತ್ರ ನಡೆಯುತ್ತದೆ. ಹಡಗಿನ ಎಂಜಿನ್ ರೂಮಿಗೆ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ, ದಡದ ಕಚೇರಿಯಲ್ಲಿ ಕುಳಿತು ಬಂಕರ್ (ಹಡಗಿನ ಇಂಧನ) ಖರೀದಿಸುವವರಿಗೆ ಈ ನಿಯಮವನ್ನು ದಿನನಿತ್ಯದ ಕೆಲಸದಲ್ಲಿ ಹೇಗೆ ಪಾಲಿಸಬೇಕೆಂದು ತಿಳಿಸುವುದು ಇಲ್ಲಿನ ಉದ್ದೇಶ. ನಿಯಮ ನಮ್ಮಿಂದ ಎರಡನ್ನು ಕೇಳುತ್ತದೆ: ಎಂಜಿನ್ನಿಗೆ ಹೋಗುವ ಎಣ್ಣೆ ಮಿತಿಯೊಳಗಿರಬೇಕು, ಹಾಗೆ ಇತ್ತೆಂಬುದನ್ನು ತಿಂಗಳುಗಳು ಕಳೆದ ಮೇಲೂ ದಾಖಲೆ ಸಹಿತ ತೋರಿಸಲು ಬರಬೇಕು. ಮೊದಲನೆಯದಕ್ಕೆ ಕೊಡುವಷ್ಟೇ ಗಮನವನ್ನು ಎರಡನೆಯದಕ್ಕೂ ಕೊಡದಿದ್ದರೆ, ಒಳ್ಳೆಯ ಎಣ್ಣೆಯನ್ನೇ ಉರಿಸಿದ ಹಡಗು ಕೂಡ ಬಂದರಿನಲ್ಲಿ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಮಿತಿ ಏಕೆ ಬಂತೆಂಬುದನ್ನು ಒಂದು ಸಣ್ಣ ಲೆಕ್ಕ ತಿಳಿಸುತ್ತದೆ. ಒಂದು ಟನ್ ಗಂಧಕ ಉರಿದರೆ ಎರಡು ಟನ್ ಸಲ್ಫರ್ ಡೈಆಕ್ಸೈಡ್ ಹುಟ್ಟುತ್ತದೆ. ದಿನಕ್ಕೆ 30 ಟನ್ ಎಣ್ಣೆ ಉರಿಸುವ ಹಡಗು 2019ರವರೆಗೆ ಅನುಮತಿಯಿದ್ದ ಶೇ 3.50ರ ಎಣ್ಣೆಯನ್ನು ಬಳಸಿದರೆ ದಿನವೊಂದಕ್ಕೆ 2,100 ಕಿಲೋ ಸಲ್ಫರ್ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತಿತ್ತು, ಶೇ 0.50ರ ಎಣ್ಣೆಯಲ್ಲಿ ಅದು 300 ಕಿಲೋಗೆ, ಶೇ 0.10ರ ಎಣ್ಣೆಯಲ್ಲಿ 60 ಕಿಲೋಗೆ ಇಳಿಯುತ್ತದೆ. ಈ ಅನಿಲ ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಟ್ಟು ಬಂದರು ನಗರಗಳ ಜನರ ಶ್ವಾಸಕೋಶ ಸೇರುತ್ತದೆ, ಮಳೆಯೊಂದಿಗೆ ಆಮ್ಲವಾಗಿ ನೆಲಕ್ಕಿಳಿಯುತ್ತದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂತೆ ಓಡೆನ್, ತಮ್ಮ ದೇಶದ ಕೆರೆಗಳು ಹುಳಿಯಾಗುತ್ತಿರುವುದಕ್ಕೆ ದೂರದೂರುಗಳಿಂದ ಗಾಳಿಯಲ್ಲಿ ಬರುವ ಗಂಧಕವೇ ಕಾರಣವೆಂದು ವಾದಿಸಿದರು. ಹಡಗಿನ ಗಂಧಕಕ್ಕೆ ವಿಶೇಷ ಮಿತಿ ಮೊದಲು ಬಾಲ್ಟಿಕ್ ಸಮುದ್ರಕ್ಕೇ ಬಂದದ್ದರ ಹಿಂದೆ ಈ ಇತಿಹಾಸವಿದೆ. ಭಾರತದ ಬಂಕಿನಲ್ಲಿ ಸಿಗುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮಾತ್ರ, ಶೇ 0.50 ಎಂದರೆ 5,000 ಭಾಗ. ಹಡಗಿಗೆ ಈಗಿರುವ ಮಿತಿ ಲಾರಿಗಿರುವ ಮಿತಿಗಿಂತ 500 ಪಟ್ಟು ಸಡಿಲವೆಂಬುದನ್ನು ನೆನಪಿಟ್ಟರೆ, ಇದನ್ನಾದರೂ ಚಾಚೂ ತಪ್ಪದೆ ಪಾಲಿಸುವುದು ನಮ್ಮ ಕರ್ತವ್ಯವೆಂದು ನನಗೆ ಅನ್ನಿಸುತ್ತದೆ.

ಎಲ್ಲಿ ಎಷ್ಟು

ನಿಯಮದ ಮೂಲ, ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಆರನೆಯ ಅನುಬಂಧ. 1997ರಲ್ಲಿ ಅಂಗೀಕಾರವಾದ ಈ ಅನುಬಂಧ 2005ರ ಮೇ 19ರಂದು ಜಾರಿಗೆ ಬಂತು. ಆಗ ಜಾಗತಿಕ ಮಿತಿ ಶೇ 4.50 ಇತ್ತು, 2012ರಲ್ಲಿ ಶೇ 3.50ಕ್ಕೆ, 2020ರಲ್ಲಿ ಶೇ 0.50ಕ್ಕೆ ಇಳಿಯಿತು. ಅದೇ ವರ್ಷ ಮಾರ್ಚ್ 1ರಿಂದ, ಹೊಗೆಯನ್ನು ತೊಳೆಯುವ ಸ್ಕ್ರಬ್ಬರ್ ಉಪಕರಣ ಇಲ್ಲದ ಹಡಗು ಮಿತಿ ಮೀರಿದ ಎಣ್ಣೆಯನ್ನು ತನ್ನ ಬಳಕೆಗಾಗಿ ಟ್ಯಾಂಕಿನಲ್ಲಿ ಹೊತ್ತೊಯ್ಯುವುದೇ ನಿಷಿದ್ಧವಾಯಿತು. ಹಾಗಾಗಿ "ಟ್ಯಾಂಕಿನಲ್ಲಿದೆ, ಆದರೆ ಉರಿಸುತ್ತಿಲ್ಲ" ಎಂಬ ಸಮಜಾಯಿಷಿ ಈಗ ನಡೆಯುವುದಿಲ್ಲ.

ಶೇ 0.10ರ ಮಿತಿ 2015ರ ಜನವರಿ 1ರಿಂದ ಹೊರಸೂಸುವಿಕೆ ನಿಯಂತ್ರಣ ಪ್ರದೇಶಗಳಿಗೆ ಅನ್ವಯವಾಗುತ್ತಿದೆ. ಬಾಲ್ಟಿಕ್ ಸಮುದ್ರ, ಇಂಗ್ಲಿಷ್ ಕಾಲುವೆಯೂ ಸೇರಿದಂತೆ ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿ ಮತ್ತು ಅಮೆರಿಕಕ್ಕೆ ಸೇರಿದ ಕೆರಿಬಿಯನ್ ನೀರು ಮೊದಲಿನಿಂದಲೂ ಈ ಪಟ್ಟಿಯಲ್ಲಿದ್ದವು. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರವೂ ಸೇರಿದೆ. ಮಂಗಳೂರಿನಿಂದಲೋ ಮುಂಬಯಿಯಿಂದಲೋ ಸೂಯೆಜ್ ಮಾರ್ಗವಾಗಿ ಯುರೋಪಿಗೆ ಹೋಗುವವರ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಮೊದಲು ಇಂಗ್ಲಿಷ್ ಕಾಲುವೆಯ ಬಾಯಿಯವರೆಗೆ ಶೇ 0.50ರ ಎಣ್ಣೆಯಲ್ಲೇ ಸಾಗಬಹುದಿತ್ತು. ಈಗ ಸೂಯೆಜ್ ದಾಟಿ ಮೆಡಿಟರೇನಿಯನ್ ಸೇರುವಾಗಲೇ ಎಣ್ಣೆ ಬದಲಾಗಿರಬೇಕು.

ಇವಲ್ಲದೆ ಸ್ಥಳೀಯ ನಿಯಮಗಳಿವೆ. ಯುರೋಪಿಯನ್ ಒಕ್ಕೂಟದ ಬಂದರುಗಳಲ್ಲಿ ಧಕ್ಕೆಗೆ ಕಟ್ಟಿದ ಹಡಗು ಎರಡು ಗಂಟೆಗಿಂತ ಹೆಚ್ಚು ನಿಲ್ಲುವುದಿದ್ದರೆ ಶೇ 0.10ರ ಎಣ್ಣೆಯನ್ನೇ ಬಳಸಬೇಕೆಂದು 2010ರಿಂದ ಕಾನೂನಿದೆ. ಕ್ಯಾಲಿಫೋರ್ನಿಯಾದ ತೀರದಿಂದ 24 ನಾಟಿಕಲ್ ಮೈಲಿಯೊಳಗೆ ಶೇ 0.10ರೊಳಗಿನ ಡಿಸ್ಟಿಲೇಟ್ (ಭಟ್ಟಿ ಇಳಿಸಿ ಪಡೆದ) ಎಣ್ಣೆಯೇ ಆಗಬೇಕು. ಗಂಧಕ ಕಡಿಮೆಯಿದ್ದರೂ, ಭಟ್ಟಿಯಲ್ಲಿ ತಳಕ್ಕುಳಿದ ದಪ್ಪ ಕಪ್ಪು ಎಣ್ಣೆಗೆ ಅಲ್ಲಿ ಅವಕಾಶವಿಲ್ಲ. ಚೀನಾ ತನ್ನ ಕರಾವಳಿಗೂ ಒಳನಾಡಿನ ನದಿಗಳಿಗೂ ತನ್ನದೇ ವಲಯಗಳನ್ನು ರಚಿಸಿಕೊಂಡಿದೆ. ಆದ್ದರಿಂದ ಪ್ರತಿ ಪ್ರಯಾಣಕ್ಕೂ ಮೊದಲು ಸೆಕೆಂಡ್ ಆಫೀಸರ್ ದಾರಿ ಗುರುತಿಸುವ ಹೊತ್ತಿಗೇ ವಲಯದ ಗಡಿಗಳನ್ನೂ ಗುರುತಿಸಿ, ಯಾವ ಗಡಿಯನ್ನು ಅಂದಾಜು ಎಷ್ಟು ಹೊತ್ತಿಗೆ ದಾಟುತ್ತೇವೆಂದು ಎಂಜಿನ್ ರೂಮಿಗೆ ಬರಹದಲ್ಲಿ ತಿಳಿಸುವ ಪದ್ಧತಿ ಇಟ್ಟುಕೊಳ್ಳಬೇಕು. ಭಾರತದ ಕರಾವಳಿಗೆ ಜಾಗತಿಕ ಮಿತಿಯೇ ಅನ್ವಯಿಸುತ್ತದೆ. ಮಲ್ಪೆ, ಮಂಗಳೂರಿನ ದೊಡ್ಡ ಮೀನುಗಾರಿಕೆ ದೋಣಿಗಳು ಡೀಸೆಲ್‌ನಲ್ಲೇ ಓಡುವುದರಿಂದ ಈ ತೊಡಕು ಅವುಗಳಿಗಿಲ್ಲ.

ಆರ್ಡರ್ ಕೊಡುವಾಗ

ಖರೀದಿಯ ಆರ್ಡರಿನಲ್ಲಿ "ಕಡಿಮೆ ಗಂಧಕದ ಎಣ್ಣೆ" ಎಂದಷ್ಟೇ ಬರೆದರೆ ಸಾಲದು. ಐಎಸ್‌ಒ 8217 ಎಂಬ ಹಡಗಿನ ಇಂಧನದ ಅಂತರರಾಷ್ಟ್ರೀಯ ಮಾನದಂಡದ ಯಾವ ವರ್ಷದ ಆವೃತ್ತಿ, ಯಾವ ದರ್ಜೆ, ಗಂಧಕದ ಗರಿಷ್ಠ ಮಿತಿ ಎಷ್ಟು ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಗಂಧಕದ ಪರೀಕ್ಷೆಯಲ್ಲಿ ಒಂದು ಪ್ರಯೋಗಾಲಯದ ಫಲಿತಾಂಶಕ್ಕೂ ಇನ್ನೊಂದರದಕ್ಕೂ ಸಣ್ಣ ವ್ಯತ್ಯಾಸ ಸಹಜವಾದ್ದರಿಂದ, ಎಚ್ಚರವುಳ್ಳ ಪೂರೈಕೆದಾರರು ಶೇ 0.50ರ ಎಣ್ಣೆಯನ್ನು ಶೇ 0.47ರ ಗುರಿಯಿಟ್ಟು ಮಿಶ್ರಣ ಮಾಡುತ್ತಾರೆ. ಶೇ 0.50ಕ್ಕೆ ಸರಿಯಾಗಿ ಮಾಡಿದ ಎಣ್ಣೆಯನ್ನು ಕೊಂಡವರಿಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಶೇ 0.10ರ ಎಣ್ಣೆಗೂ ಇದೇ ಮಾತು ಸಲ್ಲುತ್ತದೆ; ಶೇ 0.07ರದ್ದಕ್ಕೂ ಶೇ 0.09ರದ್ದಕ್ಕೂ ಕಾಗದದ ಮೇಲೆ ಹೆಚ್ಚು ಅಂತರ ಕಾಣದಿದ್ದರೂ ಎಣ್ಣೆ ಬದಲಾಯಿಸುವ ಹೊತ್ತಿನಲ್ಲಿ ಆ ಅಂತರದ ಬೆಲೆ ಗೊತ್ತಾಗುತ್ತದೆ. ಅದರ ಲೆಕ್ಕವನ್ನು ಮುಂದೆ ಕೊಟ್ಟಿದ್ದೇನೆ.

ಗಂಧಕ ಕಡಿಮೆ ಮಾಡುವ ಭರದಲ್ಲಿ ಎಣ್ಣೆಯ ಉಳಿದ ಗುಣಗಳನ್ನು ಮರೆಯುವಂತಿಲ್ಲ. ಶೇ 0.50ರ ಎಣ್ಣೆ ಒಂದೊಂದು ಬಂದರಿನಲ್ಲಿ ಒಂದೊಂದು ರೀತಿ ಇರುತ್ತದೆ: ಒಂದೂರಿನದು ಮೇಣದಂತೆ ಬೇಗ ಹೆಪ್ಪುಗಟ್ಟುತ್ತದೆ, ಇನ್ನೊಂದೂರಿನದು ತೆಳುವಾಗಿರುತ್ತದೆ. ಎರಡು ಬಂದರಿನ ಎಣ್ಣೆಗಳು ಟ್ಯಾಂಕಿನಲ್ಲಿ ಬೆರೆತಾಗ ಆಸ್ಫಾಲ್ಟೀನ್ (ಎಣ್ಣೆಯಲ್ಲಿನ ಡಾಂಬರಿನಂಥ ಅಂಶ) ಬೇರ್ಪಟ್ಟು ಗಸಿಯಾಗಿ ಕೆಳಗಿಳಿದರೆ ಪ್ಯೂರಿಫೈಯರೂ ಫಿಲ್ಟರುಗಳೂ ಕಟ್ಟಿಕೊಂಡು ನಡುಗಡಲಿನಲ್ಲಿ ಎಂಜಿನ್ ನಿಲ್ಲುವ ಸ್ಥಿತಿ ಬರಬಹುದು. ಆದ್ದರಿಂದ ಹೊಸ ಎಣ್ಣೆಯನ್ನು ಸಾಧ್ಯವಾದ ಮಟ್ಟಿಗೂ ಖಾಲಿ ಟ್ಯಾಂಕಿಗೇ ತುಂಬಿಸಬೇಕು. ಬೆರೆಸಲೇಬೇಕಾದಲ್ಲಿ ಎರಡೂ ಎಣ್ಣೆಯ ಒಂದಿಷ್ಟು ಭಾಗವನ್ನು ಕಲಸಿ, ಬಿಸಿ ಮಾಡಿ, ಒಂದು ಹನಿಯನ್ನು ಪರೀಕ್ಷಾ ಕಾಗದದ ಮೇಲೆ ಹಾಕಿ ಒಣಗಿಸಿ ನೋಡಬೇಕು. ಮಚ್ಚೆ ಒಂದೇ ಬಣ್ಣದಲ್ಲಿ ಹರಡಿದರೆ ಎಣ್ಣೆಗಳು ಹೊಂದುತ್ತವೆ, ನಡುವೆ ಕಪ್ಪು ಉಂಗುರ ಎದ್ದು ಕಂಡರೆ ಬೆರೆಸಬಾರದು. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಕಣಗಳ ಮೇಲೂ ಕಣ್ಣಿರಲಿ. 380 ದರ್ಜೆಯ ಎಣ್ಣೆಯಲ್ಲಿ ಮಾನದಂಡ ಇವನ್ನು ಕಿಲೋಗೆ 60 ಮಿಲಿಗ್ರಾಂವರೆಗೆ ಒಪ್ಪಿದರೂ, ಇಷ್ಟು ಕಣಗಳು ನೇರವಾಗಿ ಎಂಜಿನ್ ಸೇರಿದರೆ ಸಿಲಿಂಡರ್ ಲೈನರುಗಳು ಉಳಿಯುವುದಿಲ್ಲ.

ಟ್ಯಾಂಕಿನಲ್ಲಿ ಉಳಿದ ಹಳೆಯ ಎಣ್ಣೆ

ಹುಳಿ ಮಜ್ಜಿಗೆ ಉಳಿದ ಪಾತ್ರೆಗೆ ಹಾಲು ಸುರಿದರೆ ಏನಾಗುವುದೋ, ಶೇ 0.10ರ ಎಣ್ಣೆಯನ್ನು ತೊಳೆಯದ ಟ್ಯಾಂಕಿಗೆ ತುಂಬಿಸಿದಾಗಲೂ ಆಗುವುದು ಅದೇ. ಟ್ಯಾಂಕಿನ ತಳದಲ್ಲಿ ಶೇ 0.48ರ ಎಣ್ಣೆ ಎರಡು ಟನ್ ಮಾತ್ರ ಉಳಿದಿದೆ ಎಂದುಕೊಳ್ಳೋಣ. ಅದರ ಮೇಲೆ ಶೇ 0.09ರ 50 ಟನ್ ಗ್ಯಾಸ್ ಆಯಿಲ್ (ಡೀಸೆಲ್ಲಿನಂಥ ತೆಳು ಎಣ್ಣೆ) ತುಂಬಿಸಿದರೆ ಒಟ್ಟು 52 ಟನ್ನಿನಲ್ಲಿ ಗಂಧಕದ ಪ್ರಮಾಣ ಶೇ 0.105 ಆಗುತ್ತದೆ. ಪೂರೈಕೆದಾರ ಕೊಟ್ಟದ್ದು ಸರಿ, ಅವನ ಕಾಗದವೂ ಸರಿ, ಬಾಟಲಿಯ ಮಾದರಿಯೂ ಸರಿ. ಹಡಗು ಮಾತ್ರ ನಿಯಮ ಮೀರಿದಂತಾಯಿತು. ಈ ಲೆಕ್ಕವನ್ನು ತುಂಬಿಸುವ ಮೊದಲು ಮಾಡಲು ಎರಡು ನಿಮಿಷ ಸಾಕು, ತುಂಬಿಸಿದ ಮೇಲೆ ಅದನ್ನು ಸರಿಪಡಿಸಲು ಸುಲಭದ ದಾರಿಯಿಲ್ಲ. ಟ್ಯಾಂಕಿನ ತಳ ಮತ್ತು ಗೋಡೆಗಳಿಗೆ ಅಂಟಿದ ಗಸಿಯನ್ನು ತೆಳು ಗ್ಯಾಸ್ ಆಯಿಲ್ ಕರಗಿಸಿ ಎಬ್ಬಿಸುತ್ತದೆಂಬುದೂ ನೆನಪಿರಲಿ. ಹಿಂದೆ ಕಪ್ಪು ಎಣ್ಣೆ ತುಂಬಿದ್ದ ಟ್ಯಾಂಕಾದರೆ ಒಳಗಿಳಿದು ಶುಚಿ ಮಾಡದೆ ಶೇ 0.10ರ ಎಣ್ಣೆಗೆ ಬಳಸಬಾರದು.

ಬಂಕರ್ ಪಡೆಯುವ ದಿನ

ಇಡೀ ಸರಪಳಿಯಲ್ಲಿ ನನ್ನ ದೃಷ್ಟಿಗೆ ಅತ್ಯಂತ ಮುಖ್ಯವಾದ ಕೊಂಡಿ ಇದು. ಎಣ್ಣೆ ತರುವ ಬಾರ್ಜ್ ಪಕ್ಕಕ್ಕೆ ಬಂದು ಕಟ್ಟಿಕೊಂಡ ಕೂಡಲೇ ಮೆದುಕೊಳವೆ ಜೋಡಿಸಲು ಅವಸರಿಸದೆ, ಮೊದಲು ಬಾರ್ಜಿನವರ ಕಾಗದಗಳನ್ನು ತರಿಸಿ ಗಂಧಕ, ಸಾಂದ್ರತೆ, ಸ್ನಿಗ್ಧತೆ, ಫ್ಲ್ಯಾಶ್ ಪಾಯಿಂಟ್ (ಎಣ್ಣೆಯ ಆವಿಗೆ ಬೆಂಕಿ ಹತ್ತಬಲ್ಲ ಉಷ್ಣತೆ) ಇವೆಲ್ಲ ನಮ್ಮ ಆರ್ಡರಿಗೆ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಕಂಪನಿಗೆ ತಿಳಿಸಿ ಉತ್ತರ ಬರುವವರೆಗೂ ವಾಲ್ವ್ ತೆರೆಯಬಾರದು. ಎಣ್ಣೆ ಟ್ಯಾಂಕಿಗೆ ಇಳಿದ ಮೇಲೆ ಮಾಡುವ ವಾದಕ್ಕೆ ಬಲ ಕಡಿಮೆ.

ಮಾದರಿ ತೆಗೆಯುವುದು ಹಡಗಿನ ಮ್ಯಾನಿಫೋಲ್ಡಿನಲ್ಲಿ (ಎಣ್ಣೆ ಹಡಗಿನೊಳಗೆ ಬರುವ ಕೊಳವೆಯ ಬಾಯಿಯಲ್ಲಿ), ಎಣ್ಣೆ ಹರಿಯಲು ಶುರುವಾದಾಗಿನಿಂದ ನಿಲ್ಲುವವರೆಗೂ ನಿರಂತರವಾಗಿ ಆಗಬೇಕು. ಮ್ಯಾನಿಫೋಲ್ಡಿನ ಫ್ಲ್ಯಾಂಜಿಗೆ ಡ್ರಿಪ್ ಸ್ಯಾಂಪ್ಲರ್ ಕೂರಿಸಿ, ಅದರ ಸೂಜಿ ವಾಲ್ವನ್ನು ಹನಿಹನಿಯಾಗಿ ಬೀಳುವಂತೆ ಹೊಂದಿಸಿ, ಕೆಳಗೆ ಕಟ್ಟಿದ ಸ್ವಚ್ಛ ಪ್ಲಾಸ್ಟಿಕ್ ಡಬ್ಬಿಗೆ ಸೀಲ್ ಹಾಕಬೇಕು. ಹನಿ ಬೀಳುವ ವೇಗವನ್ನು ಆರಂಭದಲ್ಲಿ ಒಮ್ಮೆ ನೋಡಿ ಹೊರಟುಬಿಡುವುದು ತರವಲ್ಲ. ಪಂಪಿನ ಒತ್ತಡ ಏರಿಳಿದಂತೆ ಹನಿಯೂ ಏರಿಳಿಯುತ್ತದೆ. ಕೆಲವೊಮ್ಮೆ ಸೂಜಿಗೆ ಕಸ ಸಿಕ್ಕಿ ನಿಂತೇಹೋಗುತ್ತದೆ, ಇಲ್ಲವೇ ಅರ್ಧ ದಾರಿಯಲ್ಲೇ ಡಬ್ಬಿ ತುಂಬಿ ಕೊನೆಯ ಗಂಟೆಗಳ ಎಣ್ಣೆ ಮಾದರಿಯೊಳಗೆ ಬರುವುದೇ ಇಲ್ಲ. ಮ್ಯಾನಿಫೋಲ್ಡಿನ ಬಳಿ ಒಬ್ಬರನ್ನು ನಿಲ್ಲಿಸುವುದು ದುಬಾರಿ ವ್ಯವಸ್ಥೆಯೇನಲ್ಲ. ಲಾರಿ ಟ್ಯಾಂಕರಿನಿಂದ ತುಂಬಿಸುವ ಬಂದರುಗಳಲ್ಲಿ ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಸ್ಯಾಂಪ್ಲರ್ ಮುಚ್ಚಿಟ್ಟು, ಮತ್ತೆ ತೆರೆಯಲು ಮರೆಯದಂತೆ ನೋಡಿಕೊಳ್ಳಬೇಕು.

ತುಂಬಿಸುವುದು ಮುಗಿದ ಮೇಲೆ ಡಬ್ಬಿಯ ಎಣ್ಣೆಯನ್ನು ಚೆನ್ನಾಗಿ ಕುಲುಕಿ ಸಮನಾಗಿ ಬಾಟಲಿಗಳಿಗೆ ಹಂಚಬೇಕು. ಒಂದು ಬಾಟಲಿಗೆ ತುಂಬಿ, ಆಮೇಲೆ ಎರಡನೆಯದಕ್ಕೆ ಎಂದು ಹೋಗದೆ, ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸುತ್ತಿನಲ್ಲಿ ತುಂಬಿದರೆ ಎಲ್ಲದರಲ್ಲೂ ಒಂದೇ ಎಣ್ಣೆ ಇರುತ್ತದೆ. ಸಾಮಾನ್ಯವಾಗಿ ಪೂರೈಕೆದಾರನಿಗೊಂದು, ಹಡಗಿಗೊಂದು, ಪ್ರಯೋಗಾಲಯಕ್ಕೊಂದು, ತಪಾಸಣೆಗಾಗಿ ಹಡಗಿನಲ್ಲಿ ಕಾದಿಡುವ ಮಾರ್ಪೋಲ್ ಮಾದರಿಯೊಂದು ಹೀಗೆ ನಾಲ್ಕು ಬಾಟಲಿಗಳಾಗುತ್ತವೆ. ಮಾರ್ಪೋಲ್ ಮಾದರಿ ಮಾರ್ಗಸೂಚಿ ಹೇಳುವ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಇರಬಾರದು. ಅದರ ಚೀಟಿಯ ಮೇಲೆ ಮಾದರಿ ತೆಗೆದ ಜಾಗ ಮತ್ತು ವಿಧಾನ, ತುಂಬಿಸಲು ಆರಂಭಿಸಿದ ದಿನಾಂಕ, ಬಾರ್ಜಿನ ಹೆಸರು, ನಮ್ಮ ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ (ಹಡಗಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಎಣ್ಣೆಯ ದರ್ಜೆ, ಸೀಲಿನ ಸಂಖ್ಯೆ, ಎರಡೂ ಕಡೆಯವರ ಹೆಸರು ಮತ್ತು ಸಹಿ ಇರಬೇಕು. ಬಾರ್ಜಿನವರು ಮೊದಲೇ ತುಂಬಿ ಸೀಲ್ ಹಾಕಿ ತಂದ ಬಾಟಲಿಯನ್ನು ಮುಂದಿಟ್ಟು ಸಹಿ ಕೇಳಿದರೆ ಕಣ್ಣು ಮುಚ್ಚಿ ಸಹಿ ಹಾಕಬಾರದು. ಸಹಿ ಹಾಕಲೇಬೇಕಾದ ಒತ್ತಡವಿದ್ದರೆ "ಈ ಮಾದರಿಯನ್ನು ತೆಗೆದದ್ದನ್ನು ನಾವು ನೋಡಿಲ್ಲ" ಎಂದು ಅಲ್ಲೇ ಬರೆದು, ಪ್ರತಿಭಟನಾ ಪತ್ರ ಕೊಟ್ಟು, ಅದರ ಪ್ರತಿಯನ್ನು ಹಡಗಿನ ಧ್ವಜರಾಷ್ಟ್ರದ (ಹಡಗು ನೋಂದಣಿಯಾದ ದೇಶದ) ಆಡಳಿತಕ್ಕೂ ಆ ಬಂದರಿನ ಅಧಿಕಾರಿಗಳಿಗೂ ಕಳಿಸಬೇಕು.

ಪೂರೈಕೆದಾರ ಕೊಡುವ ಬಂಕರ್ ಡೆಲಿವರಿ ನೋಟಿಗೆ (ಎಣ್ಣೆ ಪೂರೈಸಿದ್ದರ ದಾಖಲೆ) ಸಹಿ ಹಾಕುವ ಮೊದಲು ಸಾಲು ಸಾಲಾಗಿ ಓದಬೇಕು. ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ, ಬಂದರು, ದಿನಾಂಕ, ಪೂರೈಕೆದಾರನ ಹೆಸರು, ವಿಳಾಸ ಮತ್ತು ದೂರವಾಣಿ, ಎಣ್ಣೆಯ ಹೆಸರು, ಮೆಟ್ರಿಕ್ ಟನ್‌ನಲ್ಲಿ ಪ್ರಮಾಣ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ, ಗಂಧಕದ ಶೇಕಡಾ ಪ್ರಮಾಣ ಇವು ಕಡ್ಡಾಯ. 2024ರ ಮೇ 1ರಿಂದ ಫ್ಲ್ಯಾಶ್ ಪಾಯಿಂಟಿನ ವಿವರವೂ ಕಡ್ಡಾಯವಾಗಿದ್ದು, ವಿದ್ಯುನ್ಮಾನ ರೂಪದ ನೋಟಿಗೂ ಈಗ ಮಾನ್ಯತೆ ಸಿಕ್ಕಿದೆ. ಕೆಳಗಿನ ಘೋಷಣೆಯಲ್ಲಿ ಎಣ್ಣೆ ಯಾವ ಮಿತಿಗೆ ಒಳಪಟ್ಟಿದೆ ಎಂದು ಗುರುತು ಹಾಕುವ ಚೌಕಗಳಿರುತ್ತವೆ: ಜಾಗತಿಕ ಮಿತಿ, ನಿಯಂತ್ರಣ ಪ್ರದೇಶದ ಮಿತಿ, ಅಥವಾ ಸ್ಕ್ರಬ್ಬರ್ ಇರುವ ಹಡಗಿಗೆ ಖರೀದಿದಾರ ತಿಳಿಸಿದ ಮಿತಿ. ಸ್ಕ್ರಬ್ಬರ್ ಇಲ್ಲದ ಹಡಗಿನ ನೋಟಿನಲ್ಲಿ ಮೂರನೆಯ ಚೌಕಕ್ಕೆ ಗುರುತು ಬಿದ್ದಿದ್ದರೆ, ಮೇಲೆ ಬರೆದ ಅಂಕಿ ಎಷ್ಟೇ ಸರಿಯಾಗಿದ್ದರೂ ಆ ಕಾಗದ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಮಾರ್ಪೋಲ್ ಮಾದರಿಯ ಸೀಲ್ ಸಂಖ್ಯೆಯನ್ನು ನೋಟಿನಲ್ಲೂ ಬರೆಸಿಕೊಂಡರೆ ಬಾಟಲಿಗೂ ಕಾಗದಕ್ಕೂ ನಂಟು ಕೂಡುತ್ತದೆ. ನೋಟನ್ನು ಮೂರು ವರ್ಷ ಕಾಯ್ದಿಡಬೇಕು; ಬಾಟಲಿಯನ್ನು ಆ ಎಣ್ಣೆ ಬಹುಪಾಲು ಮುಗಿಯುವವರೆಗೆ, ಹೇಗೂ ಹನ್ನೆರಡು ತಿಂಗಳಿಗೆ ಕಡಿಮೆಯಾಗದಂತೆ, ವಾಸದ ಕೋಣೆಗಳಿಂದ ದೂರವಾದ ತಂಪು ಜಾಗದಲ್ಲಿ ಇಡಬೇಕು.

ಪ್ರಯೋಗಾಲಯದ ವರದಿ ಬರುವವರೆಗೂ ಹೊಸ ಎಣ್ಣೆಯನ್ನು ಮುಟ್ಟದಿರುವುದು ಉತ್ತಮ. ಇದಕ್ಕೆ ಕೆಲವು ದಿನಗಳಿಗೆ ಸಾಲುವಷ್ಟು ಹಳೆಯ ಎಣ್ಣೆ ಉಳಿದಿರುವಾಗಲೇ ಹೊಸದನ್ನು ಕೊಳ್ಳಬೇಕಾಗುತ್ತದೆ, ಆ ಯೋಜನೆ ದಡದ ಕಚೇರಿಯದ್ದು.

ವಲಯ ಪ್ರವೇಶಿಸುವ ಮೊದಲು ಎಣ್ಣೆ ಬದಲಾಯಿಸುವುದು

ವಲಯದ ಗಡಿ ದಾಟುವ ಕ್ಷಣಕ್ಕೆ ವಾಲ್ವ್ ತಿರುಗಿಸಿದರೆ ಆಗಲಿಲ್ಲ. ಆ ಕ್ಷಣಕ್ಕೆ ಕೊಳವೆ, ಹೀಟರ್, ಫಿಲ್ಟರ್, ಮಿಕ್ಸಿಂಗ್ ಟ್ಯಾಂಕ್ ಎಲ್ಲದರೊಳಗಿನ ಹಳೆಯ ಎಣ್ಣೆ ಹೊರಟುಹೋಗಿ, ಎಂಜಿನ್ನಿನ ಬಾಯಲ್ಲಿ ಶೇ 0.10ರೊಳಗಿನ ಎಣ್ಣೆ ಇರಬೇಕು. ಎಂಜಿನ್ ಬಳಸದೆ ಉಳಿದ ಎಣ್ಣೆ ಮತ್ತೆ ಮಿಕ್ಸಿಂಗ್ ಟ್ಯಾಂಕಿಗೆ ತಿರುಗಿ ಬರುವುದರಿಂದ ಹಳೆಯದು ಒಮ್ಮೆಲೇ ಖಾಲಿಯಾಗದೆ ಹೊಸದರೊಂದಿಗೆ ಬೆರೆತು ತೆಳುವಾಗುತ್ತ ಹೋಗುತ್ತದೆ. ಹೀಗಾಗಿ ಗಂಧಕ ಮೊದಲು ಬೇಗ ಇಳಿದು, ಮಿತಿಯ ಹತ್ತಿರ ಬಂದಂತೆ ಬಹಳ ನಿಧಾನವಾಗಿ ಇಳಿಯುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹೀಗೆ ಸುತ್ತುವ ವ್ಯವಸ್ಥೆಯಲ್ಲಿ ಒಟ್ಟು ಎರಡು ಟನ್ ಎಣ್ಣೆ ಇದೆ, ಎಂಜಿನ್ ಗಂಟೆಗೆ ಒಂದು ಟನ್ ಉರಿಸುತ್ತದೆ, ಹಳೆಯ ಎಣ್ಣೆಯ ಗಂಧಕ ಶೇ 0.48, ಹೊಸ ಎಣ್ಣೆಯದು ಶೇ 0.07 ಎಂದಿಟ್ಟುಕೊಳ್ಳಿ. ಪೂರ್ಣವಾಗಿ ಬೆರೆಯುತ್ತದೆ ಎಂಬ ಆಧಾರದಲ್ಲಿ ಲೆಕ್ಕ ಹಾಕಿದರೆ ಶೇ 0.10 ತಲುಪಲು ಸುಮಾರು ಐದೂಕಾಲು ಗಂಟೆ ಬೇಕು. ಹೊಸ ಎಣ್ಣೆ ಶೇ 0.07ರ ಬದಲು ಶೇ 0.09 ಇದ್ದರೆ ಇದೇ ಕೆಲಸಕ್ಕೆ ಏಳು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆರ್ಡರ್ ಕೊಡುವಾಗ ಅಲ್ಪವೆಂದು ತೋರಿದ ಶೇ 0.02ರ ವ್ಯತ್ಯಾಸ ಹೀಗೆ ಎರಡು ಗಂಟೆಯ ದುಬಾರಿ ಎಣ್ಣೆಯಾಗಿ ನಿಲ್ಲುತ್ತದೆ. ಲೆಕ್ಕದ ವಿಧಾನ ಸರಳ: ಹಳೆಯ ಎಣ್ಣೆಯ ಗಂಧಕದಿಂದ ಹೊಸದರ ಗಂಧಕವನ್ನು ಕಳೆಯಿರಿ, ಮಿತಿಯಿಂದಲೂ ಹೊಸದರ ಗಂಧಕವನ್ನು ಕಳೆಯಿರಿ, ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ ಅದರ ಸ್ವಾಭಾವಿಕ ಲಾಗರಿದಮ್ ತೆಗೆದು, ವ್ಯವಸ್ಥೆಯಲ್ಲಿರುವ ಎಣ್ಣೆಯ ತೂಕದಿಂದ ಗುಣಿಸಿ, ಗಂಟೆಯ ಬಳಕೆಯಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. ಹೊಸ ಎಣ್ಣೆಯ ಗಂಧಕಕ್ಕೆ ಡೆಲಿವರಿ ನೋಟಿನ ಅಂಕಿಗಿಂತ ಪ್ರಯೋಗಾಲಯದ ಅಂಕಿಯನ್ನು ನೆಚ್ಚಿಕೊಳ್ಳಬೇಕು. ಬಂದ ಉತ್ತರಕ್ಕೆ ಒಂದೆರಡು ಗಂಟೆ ಸೇರಿಸಿಕೊಂಡರೆ ಒಳ್ಳೆಯದು, ಏಕೆಂದರೆ ಕೊಳವೆಯ ಮೂಲೆಗಳಲ್ಲಿ ನಿಂತ ಎಣ್ಣೆ ಈ ಲೆಕ್ಕದಲ್ಲಿ ಬರುವುದಿಲ್ಲ.

ಈ ಲೆಕ್ಕದಲ್ಲಿ ಬಳಕೆಯ ವೇಗಕ್ಕಿರುವ ಪಾತ್ರವನ್ನು ಗಮನಿಸಬೇಕು. ಹಡಗು ನಿಧಾನವಾಗಿ ಬಳಕೆ ಅರ್ಧಕ್ಕಿಳಿದರೆ ಐದೂಕಾಲು ಗಂಟೆಯ ಕೆಲಸ ಹತ್ತೂವರೆ ಗಂಟೆಯಾಗುತ್ತದೆ. ಸೂಯೆಜ್ ಕಾಲುವೆಯಲ್ಲಿ ಹಡಗು ಸಾಗುವುದು ನಿಧಾನಗತಿಯಲ್ಲೇ. ಕಾಲುವೆಯೊಳಗೆ ಬದಲಾಯಿಸಿದರಾಯಿತು ಎಂದು ಕಾಯ್ದವರಿಗೆ ಎಣ್ಣೆ ಪೂರ್ಣವಾಗಿ ಬದಲಾಗುವ ಮುನ್ನವೇ ಮೆಡಿಟರೇನಿಯನ್ ಎದುರಾಗಬಹುದು. ಇದಕ್ಕಿಂತಲೂ ದೊಡ್ಡ ಕಾರಣ ಸುರಕ್ಷತೆಯದು. ಎಣ್ಣೆ ಬದಲಾಯಿಸುವ ಹೊತ್ತು ಎಂಜಿನ್ ನಿಂತುಹೋಗುವ ಸಂಭವ ಹೆಚ್ಚಿರುವ ಹೊತ್ತು. ಅದನ್ನು ಇಕ್ಕಟ್ಟಾದ ನೀರಿನಲ್ಲಿ, ಮುಂದೊಂದು ಹಿಂದೊಂದು ಹಡಗಿರುವಾಗ ಮಾಡಬಾರದು. ಕಾಲುವೆಗೆ ಬರುವ ಮೊದಲೇ ತೆರೆದ ಕಡಲಿನಲ್ಲಿ ಬದಲಾವಣೆ ಮುಗಿಸಿ, ಹೊಸ ಎಣ್ಣೆಯಲ್ಲಿ ಎಂಜಿನನ್ನು ಮುಂದಕ್ಕೂ ಹಿಂದಕ್ಕೂ ಒಮ್ಮೆ ಓಡಿಸಿ ನೋಡಿಬಿಡುವುದು ಜಾಣತನ. ಖರ್ಚಾಗುವ ಹೆಚ್ಚುವರಿ ಎಣ್ಣೆಗಾಗಿ ಕೊರಗುವಂಥದ್ದೇನೂ ಇಲ್ಲ.

ಎಂಜಿನ್ ನಿಲ್ಲುವುದು ಏಕೆ? ದಪ್ಪ ಕಪ್ಪು ಎಣ್ಣೆ ಎಂಜಿನ್ನಿಗೆ ಹೋಗುವಾಗ 120 ಡಿಗ್ರಿಗೂ ಮೇಲೆ ಬಿಸಿಯಾಗಿರುತ್ತದೆ. ಗ್ಯಾಸ್ ಆಯಿಲ್‌ಗೆ ಬಿಸಿಯೇ ಬೇಡ. ಅಷ್ಟು ಬಿಸಿಯಾದ ಪಂಪಿಗೆ ತಂಪು ಎಣ್ಣೆ ಏಕಾಏಕಿ ನುಗ್ಗಿದರೆ ಫ್ಯುಯೆಲ್ ಪಂಪಿನ ಪ್ಲಂಜರ್ ಬ್ಯಾರಲ್ಲಿನೊಳಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ನಿನ ಹೊರೆ ತಗ್ಗಿಸಿ, ಹೀಟರಿನ ಆವಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ, ನಿಮಿಷಕ್ಕೆ ಎರಡು ಡಿಗ್ರಿಗಿಂತ ವೇಗವಾಗಿ ಉಷ್ಣತೆ ಬದಲಾಗದಂತೆ ಕಾಯಬೇಕು. ಕೊಳವೆಗೆ ಸುತ್ತಿದ ಆವಿನಾಳಗಳನ್ನು ಮುಚ್ಚಲು ಮರೆತರೆ ಎದುರಾಗುವ ತೊಂದರೆ ಬೇರೆ: ಗ್ಯಾಸ್ ಆಯಿಲ್ ಕಾದು ತೀರ ತೆಳುವಾಗಿ, ಅದರ ಸ್ನಿಗ್ಧತೆ ಎಂಜಿನ್ ತಯಾರಕರು ಸಾಮಾನ್ಯವಾಗಿ ಕೇಳುವ 2 ಸೆಂಟಿಸ್ಟೋಕಿಗಿಂತ ಕೆಳಗಿಳಿಯುತ್ತದೆ. ಆಗ ಸವೆದ ಪಂಪುಗಳಲ್ಲಿ ಎಣ್ಣೆ ಒಳಗೊಳಗೇ ಸೋರಿ ಒತ್ತಡ ಸಾಲದೆ, ನಿಲ್ಲಿಸಿದ ಎಂಜಿನ್ ಮತ್ತೆ ಶುರುವಾಗುವುದಿಲ್ಲ. ಗ್ಯಾಸ್ ಆಯಿಲ್ ಕೂಲರ್ ಇದ್ದರೆ ಅದನ್ನು ಸಕಾಲದಲ್ಲಿ ಚಾಲೂ ಮಾಡಬೇಕು. ಫ್ಲ್ಯಾಂಜುಗಳ ಬಳಿ, ಹಳೆಯ ರಬ್ಬರ್ ಸೀಲುಗಳ ಬಳಿ ಹೊಸ ಸೋರಿಕೆ ಕಾಣಿಸಬಹುದಾದ್ದರಿಂದ ಬೆಂಕಿಯ ದೃಷ್ಟಿಯಿಂದಲೂ ಒಬ್ಬರು ಸುತ್ತು ಹಾಕುತ್ತಿರಬೇಕು. ಬಾಯ್ಲರಿನ ಬರ್ನರನ್ನೂ ಜನರೇಟರುಗಳನ್ನೂ ಮರೆಯಬಾರದು. ನಿಯಮ ಅನ್ವಯವಾಗುವುದು ಮುಖ್ಯ ಎಂಜಿನ್ನಿಗೆ ಮಾತ್ರವಲ್ಲ. ಗಂಧಕ ಕಡಿಮೆಯಾದಾಗ ಸಿಲಿಂಡರ್ ಎಣ್ಣೆಯ ಕ್ಷಾರಗುಣವೂ ಅದಕ್ಕೆ ತಕ್ಕಂತೆ ಕಡಿಮೆ ಇರಬೇಕು, ಇಲ್ಲದಿದ್ದರೆ ಪಿಸ್ಟನ್ನಿನ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ.

ಈ ಕ್ರಮವೆಲ್ಲ ಬರಹದಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ; ಅದರಲ್ಲಿ ಆ ಹಡಗಿನದೇ ವಾಲ್ವ್ ಸಂಖ್ಯೆಗಳೂ ಇದ್ದರೆ ಒಳ್ಳೆಯದು. ಬದಲಾವಣೆ ಮುಗಿದಾಗ ದಿನಾಂಕ, ಸಮಯ, ಹಡಗಿನ ಅಕ್ಷಾಂಶ ರೇಖಾಂಶ, ಆಗ ಪ್ರತಿ ಟ್ಯಾಂಕಿನಲ್ಲಿದ್ದ ಕಡಿಮೆ ಗಂಧಕದ ಎಣ್ಣೆಯ ಪ್ರಮಾಣ ಇವನ್ನು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ವಲಯದಿಂದ ಹೊರಬಂದು ಹಳೆಯ ಎಣ್ಣೆಗೆ ಮರಳುವಾಗಲೂ ಹಾಗೆಯೇ. ಆರಂಭದ ಹೊತ್ತನ್ನೂ ಬರೆದಿಟ್ಟರೆ ಲೆಕ್ಕಕ್ಕೆ ತಕ್ಕಷ್ಟು ಸಮಯ ಕೊಟ್ಟಿದ್ದೇವೆಂದು ತೋರಿಸಲು ಅನುಕೂಲ. ಎಂಜಿನ್ ರೂಮಿನ ಪುಸ್ತಕದಲ್ಲಿ ಒಂದು ಹೊತ್ತು, ಬ್ರಿಜ್ಜಿನ ಪುಸ್ತಕದಲ್ಲಿ ಇನ್ನೊಂದು ಹೊತ್ತು ಇದ್ದರೆ ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಸ್ಕ್ರಬ್ಬರ್ ಇರುವ ಹಡಗು, ಎಣ್ಣೆ ಸಿಗದ ಬಂದರು

ಹೊಗೆಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್ ಇದ್ದರೆ ಹೆಚ್ಚು ಗಂಧಕದ ಎಣ್ಣೆಗೂ ಅವಕಾಶವುಂಟು. ಆಗ ಎಣ್ಣೆಯ ಬದಲು ಹೊಗೆಯನ್ನು ಅಳೆಯುತ್ತಾರೆ: ಹೊಗೆಯಲ್ಲಿ ಹತ್ತು ಲಕ್ಷ ಭಾಗಕ್ಕೆ ಇಷ್ಟೆಂದು ಅಳೆದ ಸಲ್ಫರ್ ಡೈಆಕ್ಸೈಡನ್ನು ಕಾರ್ಬನ್ ಡೈಆಕ್ಸೈಡಿನ ಶೇಕಡಾ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆ ಶೇ 0.50ರ ವಲಯದಲ್ಲಿ 21.7, ಶೇ 0.10ರ ವಲಯದಲ್ಲಿ 4.3 ಮೀರಬಾರದು. ಆದರೆ ತೊಳೆದ ನೀರನ್ನು ಕಡಲಿಗೇ ಬಿಡುವ ಬಗೆಯ ಸ್ಕ್ರಬ್ಬರನ್ನು ಸಿಂಗಪುರ, ಫುಜೈರಾ ಮೊದಲಾದ ಬಂದರುಗಳು ನಿಷೇಧಿಸಿರುವುದರಿಂದ, ಅಲ್ಲಿಗೆ ಹೋಗುವ ಹಡಗಿನಲ್ಲಿ ಮಿತಿಯೊಳಗಿನ ಎಣ್ಣೆಯೂ ಇರಲೇಬೇಕು.

ಮಿತಿಯೊಳಗಿನ ಎಣ್ಣೆ ನಿಜವಾಗಿಯೂ ಸಿಗದೇ ಹೋದರೆ ಇಂಧನ ಅಲಭ್ಯತಾ ವರದಿಯನ್ನು ಧ್ವಜರಾಷ್ಟ್ರಕ್ಕೂ ಮುಂದಿನ ಬಂದರಿಗೂ ಮುಂಚಿತವಾಗಿ ಕಳಿಸಬೇಕು. ಎಣ್ಣೆಗಾಗಿ ಹಡಗು ತನ್ನ ದಾರಿ ಬಿಟ್ಟು ಹೋಗಬೇಕಿಲ್ಲ, ವಿಪರೀತ ವಿಳಂಬ ಮಾಡಿಕೊಳ್ಳಬೇಕಿಲ್ಲ ಎಂದು ನಿಯಮ ರಿಯಾಯಿತಿ ಕೊಡುತ್ತದೆ. ಆದರೆ ಈ ವರದಿ ಅನುಮತಿ ಪತ್ರವಲ್ಲ. ಯಾವ ಯಾವ ಪೂರೈಕೆದಾರರನ್ನು ಯಾವಾಗ ಕೇಳಿದಿರಿ, ಅವರ ಉತ್ತರವೇನು ಎಂಬುದಕ್ಕೆ ಪತ್ರಗಳ ಆಧಾರವಿರಬೇಕು. ಬೆಲೆ ಹೆಚ್ಚಿತ್ತೆಂಬುದು ಕಾರಣವಾಗುವುದಿಲ್ಲ.

ತಪಾಸಣೆ

ಪೋರ್ಟ್ ಸ್ಟೇಟ್ ಕಂಟ್ರೋಲಿನವರು (ಬಂದರಿರುವ ದೇಶದ ತಪಾಸಣಾಧಿಕಾರಿಗಳು) ಹಡಗು ಹತ್ತುವ ಮೊದಲೇ ಅನುಮಾನ ಹುಟ್ಟಿರುವ ಸಾಧ್ಯತೆಯಿದೆ. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಅಳವಡಿಸಿದ ಉಪಕರಣ ಕೆಳಗೆ ಹಾದುಹೋಗುವ ಹಡಗುಗಳ ಹೊಗೆಯನ್ನು ಮೂಸಿ ಗಂಧಕವನ್ನು ಅಂದಾಜು ಮಾಡುತ್ತದೆ. ಯುರೋಪಿನ ಬೇರೆ ಕಡೆಗಳಲ್ಲಿ ಡ್ರೋನ್‌ಗಳನ್ನೂ ಬಳಸುತ್ತಾರೆ. ಹತ್ತಿದ ಮೇಲೆ ಅವರು ಮೊದಲು ಕೇಳುವುದು ಡೆಲಿವರಿ ನೋಟುಗಳು, ಬದಲಾವಣೆಯ ಬರಹರೂಪದ ಕ್ರಮ, ಲಾಗ್ ಬುಕ್. ಅನುಮಾನ ಉಳಿದರೆ ಎಂಜಿನ್ನಿಗೆ ಹೋಗುತ್ತಿರುವ ಎಣ್ಣೆಯ ಮಾದರಿ ತೆಗೆಯುತ್ತಾರೆ. ಇದಕ್ಕಾಗಿ, ಎಂಜಿನ್ನಿಗೆ ಎಣ್ಣೆ ಒದಗಿಸುವ ಸರ್ವಿಸ್ ಟ್ಯಾಂಕಿನ ನಂತರ, ಎಂಜಿನ್ನಿಗೆ ಆದಷ್ಟು ಹತ್ತಿರದಲ್ಲಿ ಗೊತ್ತುಪಡಿಸಿದ ಮಾದರಿ ಕೊಳಾಯಿ ಇರಬೇಕೆಂದು 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಆ ಕೊಳಾಯಿಯಲ್ಲಿ ತಿಂಗಳುಗಟ್ಟಲೆ ನಿಂತ ಹಳೆಯ ಎಣ್ಣೆ ಇರುವುದರಿಂದ, ಸಾಕಷ್ಟು ಹರಿಸಿ ಬಿಟ್ಟ ನಂತರವೇ ಬಾಟಲಿಗೆ ಹಿಡಿಯುವಂತೆ ತಪಾಸಣಾಧಿಕಾರಿಯನ್ನು ವಿನಯದಿಂದ ಕೇಳಿಕೊಳ್ಳಬೇಕು. ಅದು ನಮ್ಮ ಹಕ್ಕು.

ಫಲಿತಾಂಶವನ್ನು ಓದುವ ಬಗೆ ಎರಡಿವೆ. ಹಡಗಿನೊಳಗೆ ಬಳಕೆಯಲ್ಲಿರುವ ಎಣ್ಣೆಯಿಂದ ತೆಗೆದ ಮಾದರಿಗೆ ಪರೀಕ್ಷೆಯ ಸಹಜ ವ್ಯತ್ಯಾಸವನ್ನು ಬಿಟ್ಟುಕೊಟ್ಟು, ಶೇ 0.50ರ ಮಿತಿಗೆ 0.53ರವರೆಗೆ, ಶೇ 0.10ರ ಮಿತಿಗೆ 0.11ರವರೆಗೆ ಒಪ್ಪುತ್ತಾರೆ. ಪೂರೈಕೆಯ ಸಮಯದಲ್ಲಿ ಸೀಲ್ ಮಾಡಿದ ಮಾರ್ಪೋಲ್ ಮಾದರಿಗೆ ಈ ರಿಯಾಯಿತಿಯಿಲ್ಲ, ಅದು 0.50 ಅಥವಾ 0.10ರೊಳಗೇ ಇರಬೇಕು. ಬಾಟಲಿಯ ಎಣ್ಣೆ ಮಿತಿ ಮೀರಿದ್ದರೆ ಬೆರಳು ಪೂರೈಕೆದಾರನ ಕಡೆಗೆ ತಿರುಗುತ್ತದೆ. ಬಾಟಲಿ ಸರಿಯಿದ್ದು ಕೊಳಾಯಿಯ ಎಣ್ಣೆ ಮಿತಿ ಮೀರಿದ್ದರೆ ಟ್ಯಾಂಕಿನ ಶೇಷದ ಬಗ್ಗೆ, ಎಣ್ಣೆ ಬದಲಾಯಿಸಿದ ಹೊತ್ತಿನ ಬಗ್ಗೆ ಹಡಗೇ ಉತ್ತರ ಹೇಳಬೇಕು. ಯಾವ ಕಾರಣಕ್ಕೂ ತಪಾಸಣೆಯ ಹಿಂದಿನ ರಾತ್ರಿ ಲಾಗ್ ಬುಕ್ಕನ್ನು ತಿದ್ದಲು ಹೋಗಬಾರದು. ಗಂಧಕ ಸ್ವಲ್ಪ ಮೀರಿದ್ದಕ್ಕೆ ದಂಡ ಕಟ್ಟಿ ಹೊರಬರಬಹುದು, ಸುಳ್ಳು ದಾಖಲೆಗಾಗಿ ಎಂಜಿನಿಯರುಗಳು ಜೈಲು ಕಂಡ ದೇಶಗಳಿವೆ.

ಚೀಫ್ ಎಂಜಿನಿಯರ್ ಬದಲಾಗುವ ಬಂದರಿನಲ್ಲಿ ಈ ಎಲ್ಲದರ ಹಸ್ತಾಂತರ ಆಗಬೇಕು. ಯಾವ ಟ್ಯಾಂಕಿನಲ್ಲಿ ಯಾವ ಬಂದರಿನ ಎಣ್ಣೆ, ಅದರ ಪ್ರಯೋಗಾಲಯದ ವರದಿ, ಹಿಂದಿನ ಬಾರಿ ಬದಲಾವಣೆಗೆ ಲೆಕ್ಕ ಹಾಕಿದ ಗಂಟೆಗಳು ಮತ್ತು ನಿಜವಾಗಿ ಕೊಟ್ಟ ಗಂಟೆಗಳು, ಮಾದರಿ ಬಾಟಲಿಗಳ ಪಟ್ಟಿ ಇವನ್ನು ಕಾಗದದಲ್ಲಿ ಕೊಟ್ಟ ಮೇಲೆ ಇಬ್ಬರೂ ಬಾಟಲಿಗಳ ಕಪಾಟಿನ ಮುಂದೆ ನಿಂತು, ಒಂದೊಂದೇ ಸೀಲಿನ ಸಂಖ್ಯೆಯನ್ನು ನೋಟಿನ ಸಂಖ್ಯೆಯೊಂದಿಗೆ ಓದಿ ತಾಳೆ ನೋಡಿ ಸಹಿ ಹಾಕಬೇಕು.